ಲೂವ್ರ್ ನೋಡಿ ಬಂದವರು

ಡಿಸೆಂಬರ್ ರಜೆಯ ಹೊತ್ತಿಗೆ ಹೊಯ್ಸಳ ದೇವಾಲಯಗಳ ಆವರಣದಲ್ಲಿ ಕಾಣಸಿಗುವ ನಾನಾ ಬಗೆಯ ಪ್ರವಾಸಿಗಳ ಪೈಕಿ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವರ್ಗವೆಂದರೆ ‘ಲೂವ್ರ್ ನೋಡಿ ಬಂದವರು’. ಲೂವ್ರ್ ಎಂದರೆ ಪ್ಯಾರಿಸಿನ ಹಳೆಯ ಅರಮನೆಯಲ್ಲಿ 1793ರಿಂದ ಸಾರ್ವಜನಿಕರಿಗೆ ತೆರೆದಿರುವ ಕಲಾಸಂಗ್ರಹಾಲಯ. ಅರಸೀಕೆರೆಯಲ್ಲಿ ರೈಲಿಳಿದು ಇವರೊಡನೆ ಟ್ಯಾಕ್ಸಿ ಹತ್ತಿದ ಬಂಧುಗಳಿಗೆ ಜಾವಗಲ್ ದಾಟುವುದರೊಳಗೆ ಈ ವಿವರಣೆ ಮೂರು ಸಲವಾದರೂ ದೊರೆತಿರುತ್ತದೆ.

ಮಗನ ಮನೆಗೆ ಹೋದಾಗ ಒದಗಿದ ಆ ಒಂದು ದಿನವನ್ನು ಇವರು ಕಳೆದ ರೀತಿ ನಿಜಕ್ಕೂ ಶ್ಲಾಘನೀಯ. ಬೆಳಗಿನ ಜಾವಕ್ಕೇ ಎದ್ದು, ಚಪಾತಿ-ಚಟ್ನಿಪುಡಿ ಕಟ್ಟಿಕೊಂಡು, ಚಳಿಯಲ್ಲಿ ಸರದಿ ನಿಂತು, ವಿವರಣೆ ಹೇಳುವ ಬಾಡಿಗೆ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದೊಂದು ಚಿತ್ರದ ಮುಂದೆಯೂ ತುಟಿ ಪಿಟಕ್ಕೆನ್ನದೆ ನಿಂತವರು. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಮೋನಾಲಿಸಾಳನ್ನು ಜನರ ತಲೆಗಳ ಸಂದಿಯಿಂದ ಕಂಡು ಧನ್ಯರಾದವರು. ಲೂವ್ರಿಗೆ ಮಂಗಳವಾರ ರಜೆ ಎಂಬುದು ಇವರಿಗೆ ಇಂದಿಗೂ ಬಾಯಿಪಾಠ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲೂ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವಿದೆ, ಅದಕ್ಕೆ ಶುಕ್ರವಾರ ರಜೆ ಎಂಬ ಎರಡು ಸಂಗತಿಗಳು ಮಾತ್ರ ಶುಕ್ರವಾರವೇ, ಅದರ ಬೀಗದ ಮುಂದೆ ನಿಂತಾಗ ಒಟ್ಟಿಗೆ ತಿಳಿಯುತ್ತವೆ. ಆಗ ಹೊರಬೀಳುವ “ನಮ್ಮ ದೇಶದ ಹಣೆಬರಹವೇ ಇಷ್ಟು” ಎಂಬ ಉದ್ಗಾರ ಈ ವರ್ಗದ ಮುಖ್ಯ ಲಕ್ಷಣ.

ಬೇಲೂರಿನಲ್ಲಿ, ಅಂದರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಸನ್ನಿಧಿಯಲ್ಲಿ, ಇವರ ಇನ್ನೊಂದು ಮುಖ ಕಾಣುತ್ತದೆ. ಪ್ಯಾರಿಸಿನ ಯಂತ್ರಕ್ಕೆ ಕೇಳಿದಷ್ಟು ಯೂರೋ ಎಣಿಸಿಕೊಟ್ಟವರು ಇಲ್ಲಿನ ಗೈಡಿನೊಡನೆ ಸೊಪ್ಪು ಕೊಳ್ಳುವವರಂತೆ ಚೌಕಾಸಿ ಮಾಡಿ, “ಮುಕ್ಕಾಲು ಗಂಟೇಲಿ ಮುಗಿಸಿಬಿಡಪ್ಪಾ” ಎನ್ನುತ್ತಾರೆ. ಮದನಿಕೆಯರು, ಎಂದರೆ ಸೂರಿನಡಿ ಮುಂದಕ್ಕೆ ಬಾಗಿ ನಿಂತ ಸುಂದರಿಯರ ಶಿಲ್ಪಗಳು, ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಸೋಕಿದಂತೆ ಗಟ್ಟಿಯಾಗುವ ಬಳಪದ ಕಲ್ಲಿನವು. ಅವುಗಳಲ್ಲೊಂದರ ಮೇಲಿನ ಲತಾತೋರಣದಲ್ಲಿ ನೊಣಕ್ಕೆ ಹೊಂಚುಹಾಕಿದ ಹಲ್ಲಿಯನ್ನು ಗೈಡು ತೋರಿಸಿದಾಗ, ಇವರು ಫೋಟೋ ತೆಗೆದು, ತಲೆ ತಗ್ಗಿಸಿ, ಫೋನಿನಲ್ಲಿ ಆ ನೊಣವನ್ನು ಹುಡುಕತೊಡಗುತ್ತಾರೆ. “ಕತ್ತೆತ್ತಿ ನೋಡ್ರೀ, ಅಲ್ಲೇ ಇದೆ” ಎಂದು ಪತ್ನಿ ಹೇಳಿದರೆ, “ತಾಳೇ, ಝೂಮ್ ಮಾಡ್ತಿದೀನಿ” ಎಂಬ ಉತ್ತರ. ನಮ್ಮ ಶಿಲ್ಪಿಗಳು ಪಾಪ ಹೆಸರಿಲ್ಲದೆ ಹೋದರೆಂದು ಇವರು ಮರುಗುವುದೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿಟ್ಟ ಈ ಗುಡಿಯ ಅಂಗಳದಲ್ಲಿಯೇ. ಸಹಿಯಿಲ್ಲದಿರುವುದು ಮೋನಾಲಿಸಾ ಚಿತ್ರಕ್ಕೆ.

ಸಂಜೆ ಅರಸೀಕೆರೆಗೆ ಮರಳಿದಾಗ ರೈಲಿಗೆ ಇನ್ನೂ ಎರಡು ಗಂಟೆಯಿರುತ್ತದೆ. ಊರೊಳಗೆ 1220ರ ಶಿವಾಲಯವಿದೆ, ಅದರ ಮುಖಮಂಟಪ, ಎಂದರೆ ಮುಂಭಾಗದ ತೆರೆದ ಮಂಟಪ, ಹದಿನಾರು ಮೂಲೆಗಳ ನಕ್ಷತ್ರದಂತಿದೆ, ಹೊಯ್ಸಳರಲ್ಲೇ ಇಂಥದ್ದು ಅಪರೂಪ ಎಂದು ಟ್ಯಾಕ್ಸಿಯವನು ತಿಳಿಸಿದರೆ, ಇವರು 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಿದ ಯುನೆಸ್ಕೋ ಪಟ್ಟಿಯನ್ನು ಫೋನಿನಲ್ಲಿ ತೆಗೆದು, ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿ, “ಅರಸೀಕೆರೆ ಇದರಲ್ಲಿಲ್ವಲ್ಲಪ್ಪಾ” ಎಂದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತು ಕಾಫಿ ತರಿಸುತ್ತಾರೆ.