ತಂಗಳಪೆಟ್ಟಿಗೆಯ ಜಿಜ್ಞಾಸು

ವರ್ಗಾವಣೆಯ ಆದೇಶ ಹಿಡಿದು ನಾಗಪುರದಲ್ಲಿ ಬಂದಿಳಿಯುವ ಕನ್ನಡಿಗ ನೌಕರರಲ್ಲಿ, ಅವರು ಬ್ಯಾಂಕಿನವರಿರಲಿ, ರೈಲ್ವೆಯವರಿರಲಿ, ಅಲ್ಲಿಯೇ ಪ್ರಧಾನ ಕಚೇರಿ ಹೊಂದಿರುವ ಭಾರತೀಯ ಗಣಿ ಬ್ಯೂರೋದವರಿರಲಿ, ಸ್ಪಷ್ಟವಾಗಿ ಎರಡು ಪಂಗಡಗಳು ಕಾಣುತ್ತವೆ: ಬಂದ ವಾರದೊಳಗೆ ಫ್ರಿಜ್ಜು ಕೊಳ್ಳುವವರದು ಒಂದು, ಫ್ರಿಜ್ಜನ್ನು ಕುರಿತು ಅಧ್ಯಯನ ಕೈಗೊಳ್ಳುವವರದು ಇನ್ನೊಂದು. ಮೊದಲ ಪಂಗಡದವರು ತಣ್ಣೀರು ಕುಡಿದು ಸುಖವಾಗಿರುವುದರಿಂದ ಅವರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಎರಡನೆಯ ಪಂಗಡದ ಪ್ರತಿನಿಧಿಯನ್ನು ಇಲ್ಲಿ ಜಿಜ್ಞಾಸು ಎಂದು ಕರೆಯಲಾಗಿದೆ. ಈತ ನಲವತ್ತೈದು ದಾಟಿದ ಬಲವಂತದ ಬ್ರಹ್ಮಚಾರಿ. ಎಂದರೆ, ಮಗಳ ಪಿಯುಸಿ ಮುಗಿಯಲೆಂದು ಸಂಸಾರವನ್ನು ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಬಿಟ್ಟು, ಮಹಾರಾಷ್ಟ್ರದಲ್ಲಿ ವನ್ ಆರ್‌ಕೆ ಎನ್ನಲಾಗುವ, ಒಂದು ಕೋಣೆ ಮತ್ತು ಒಂದು ಅಡುಗೆಮನೆಯಷ್ಟೇ ಇರುವ ಬಿಡಾರದಲ್ಲಿ ಕುಕ್ಕರ್ ಕೂಗಿಸಿಕೊಂಡು ಬದುಕುವ ಗೃಹಸ್ಥ.

ಜಿಜ್ಞಾಸುವಿನ ಮೊದಲ ಸಾಧನ ಅಳತೆಯ ಟೇಪು. ಮಂಚ, ಕಪಾಟು, ಮತ್ತು ಒದ್ದೆ ಲಾವಂಚದ ಇಲ್ಲವೇ ಮರದ ಎಳೆಗಳ ತಟ್ಟಿಯ ಮೂಲಕ ಗಾಳಿ ಎಳೆದು ಕೋಣೆಯನ್ನು ತಂಪಾಗಿಸುವ ಕೂಲರು, ಇಷ್ಟನ್ನೂ ಕಳೆದ ಮೇಲೆ ಉಳಿಯುವ ಎರಡಡಿಯ ಮೂಲೆಯೇ ಆತನ ಸಂಶೋಧನಾ ಕ್ಷೇತ್ರ. ಹಿಂಬದಿಯಲ್ಲಿ ಬಿಸಿ ಹೊರಹೋಗಲು ಬಿಡಬೇಕಾದ ಜಾಗವೆಷ್ಟು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಗೋಡೆಗೆ ತಾಗುವ ಮೊದಲು ಅದು ತರಕಾರಿ ಡಬ್ಬಿಯನ್ನು ಹೊರಗೆಳೆಯುವಷ್ಟು ತೆರೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳನ್ನು ಇತ್ಯರ್ಥಪಡಿಸಲು, ಆತ ಹಳೆಯ ದಿನಪತ್ರಿಕೆಯನ್ನು ಫ್ರಿಜ್ಜಿನ ತಳದ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸುತ್ತಾನೆ. ಅಂದಿನಿಂದ ಆ ಕಾಗದವನ್ನು ತುಳಿಯದೆ ಬಳಸಿಕೊಂಡು ಓಡಾಡುವುದು ಮನೆಯ ನಿಯಮವಾಗುತ್ತದೆ. ಕೆಲಸದ ಬಾಯಿ ಬೆಳಿಗ್ಗೆ ಅದನ್ನು ಕಿತ್ತು ಗುಡಿಸಿ ಎಸೆದರೆ ಸಂಜೆಗೆ ಪರಿಷ್ಕೃತ ಆವೃತ್ತಿ ಹೊರಬರುತ್ತದೆ.

ಎರಡನೆಯ ಹಂತ ಸಿದ್ಧಾಂತದ್ದು. ಕಂಪ್ರೆಸರ್ ಇಲ್ಲದ, ಸದ್ದು ಮಾಡದ, ಮೇಜಿನ ಮೇಲಿಡಬಹುದಾದ ಪುಟ್ಟ ಪೆಟ್ಟಿಗೆಗಳು ಮೊದಲು ಆತನ ಮನಸೆಳೆಯುತ್ತವೆ. ಎರಡು ಬಗೆಯ ವಾಹಕಗಳ ಸಂಧಿಯಲ್ಲಿ ವಿದ್ಯುತ್ ಹರಿಸಿದರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುತ್ತದೆಂದು 1834ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಕಂಡುಕೊಂಡ ತತ್ತ್ವ ಇವುಗಳ ಆಧಾರ. ಗೋದ್ರೇಜ್ ಸಂಸ್ಥೆ ಬಡವರ ಮನೆಗಳಿಗೆಂದು ರೂಪಿಸಿದ ಚೋಟುಕೂಲ್ ಕೂಡ ಇದನ್ನೇ ನೆಚ್ಚಿತ್ತು. ಆದರೆ ಇಂಥ ಪೆಟ್ಟಿಗೆ ಸಾಮಾನ್ಯವಾಗಿ ಸುತ್ತಲಿನ ಶಾಖಕ್ಕಿಂತ ಸುಮಾರು 20 ಡಿಗ್ರಿಯಷ್ಟೇ ಕೆಳಗಿಳಿಯಬಲ್ಲದಾದ್ದರಿಂದ, 45 ಡಿಗ್ರಿಯ ಮಧ್ಯಾಹ್ನ ಅದರೊಳಗಿನ ಹಾಲಿಗೆ ಧಾರವಾಡದ ಹಿತವಾದ ಹವೆ ದೊರೆಯುತ್ತದೆಯೇ ಹೊರತು ಕೆಡದೆ ಉಳಿಯುವ ಭಾಗ್ಯ ದೊರೆಯುವುದಿಲ್ಲ.

ಅಲ್ಲಿಂದ ಆತ ಹವಾಮಾನ ವರ್ಗಕ್ಕೆ ಬರುತ್ತಾನೆ. ಎಷ್ಟು ಶಾಖದ ಕೋಣೆಯಲ್ಲಿ ಫ್ರಿಜ್ಜು ಸರಿಯಾಗಿ ಕೆಲಸ ಮಾಡಬಲ್ಲದೆಂಬುದನ್ನು ಸೂಚಿಸುವ, ಕೊಳ್ಳುವವರಾರೂ ಓದದ ಅಕ್ಷರವದು. ಎನ್ ವರ್ಗದ ಮಿತಿ 32 ಡಿಗ್ರಿ, ಎಸ್‌ಟಿ ವರ್ಗದ್ದು 38, ಉಷ್ಣವಲಯಕ್ಕೆಂದೇ ಮೀಸಲಾದ ಟಿ ವರ್ಗದ್ದು 43. ನಾಗಪುರದ ಮೇ ತಿಂಗಳು 45ನ್ನು ದಾಟುವುದು ಅಪರೂಪವಲ್ಲ. 2013ರಲ್ಲಿ ಅದು 47ನ್ನೂ ಮೀರಿತ್ತು. ಮಾನಕ ರೂಪಿಸಿದ ಸಮಿತಿ ನವತಪಾದಲ್ಲಿ, ಎಂದರೆ ಸೂರ್ಯ ರೋಹಿಣಿ ನಕ್ಷತ್ರ ಪ್ರವೇಶಿಸಿದ ಮೇಲಿನ ಆ ಒಂಬತ್ತು ಉರಿದಿನಗಳಲ್ಲಿ, ನಾಗಪುರಕ್ಕೆ ಬಂದಿರಲಾರದೆಂಬ ತೀರ್ಮಾನಕ್ಕೆ ಬಂದ ಜಿಜ್ಞಾಸು, ಸೀತಾಬರ್ಡಿಯ ಅಂಗಡಿಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸುತ್ತಾನೆ. ಮಾರಾಟದ ಹುಡುಗ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೆಂಪು ಬಣ್ಣದ್ದು ಚೆನ್ನಾಗಿ ಹೋಗುತ್ತಿದೆ ಸಾಹೇಬರೇ ಎನ್ನುತ್ತಾನೆ.

ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಜಾರಿಗೆ ತಂದ ನಕ್ಷತ್ರದ ಚೀಟಿಯನ್ನು ಇತರರು ನಕ್ಷತ್ರ ಎಣಿಸಿ ಬಿಟ್ಟುಬಿಡುತ್ತಾರೆ. ಜಿಜ್ಞಾಸುವಾದರೋ ಅದರಲ್ಲಿ ನಮೂದಿಸಿದ ವಾರ್ಷಿಕ ಯೂನಿಟ್ಟುಗಳನ್ನು ಮನೆಯ ಮಾಲೀಕರು ಸಬ್‌ಮೀಟರಿನ ಮೇಲೆ ವಸೂಲು ಮಾಡುವ ದರದಿಂದ ಗುಣಿಸಿ, ಅಷ್ಟರಲ್ಲಿ ಎಷ್ಟು ಮಣ್ಣಿನ ಮಡಕೆ ಬರುತ್ತವೆಂದು ಲೆಕ್ಕ ಹಾಕುತ್ತಾನೆ. ವಿದರ್ಭದ ಒಣಗಾಳಿಯಲ್ಲಿ ಮಡಕೆಯ ಮೈಯಿಂದ ನೀರು ಬೇಗನೆ ಆವಿಯಾಗಿ ಒಳಗಿನ ನೀರು ನಿಜಕ್ಕೂ ತಣ್ಣಗಾಗುವುದರಿಂದ, ಪ್ರತಿ ಬೇಸಿಗೆಯಲ್ಲೂ ಮಡಕೆ ಗೆಲ್ಲುತ್ತದೆ, ಅಧ್ಯಯನ ಮುಂದುವರಿಯುತ್ತದೆ.

ಈ ವಿಳಂಬಕ್ಕೆ ಜಿಪುಣತನವೇ ಕಾರಣವೆಂದು ಸಹೋದ್ಯೋಗಿಗಳು ಭಾವಿಸುವುದುಂಟಾದರೂ ಅದು ಸರಿಯಲ್ಲ. ನಿಜವಾದ ಕಾರಣ ವರ್ಗಾವಣೆಯ ಅರ್ಜಿ. ಬಂದ ದಿನವೇ ಊರಿಗೆ ವಾಪಸು ಹಾಕಿಕೊಡಿರೆಂದು ಅರ್ಜಿ ಸಲ್ಲಿಸಿರುವ ಆತನ ದೃಷ್ಟಿಯಲ್ಲಿ 50 ಲೀಟರಿನ ಫ್ರಿಜ್ಜು ಆರು ತಿಂಗಳ ಫ್ರಿಜ್ಜು, 90 ಲೀಟರಿನದು ಒಂದು ವರ್ಷದ್ದು. 180 ಲೀಟರಿನದನ್ನು ಕೊಳ್ಳುವುದೆಂದರೆ ನಾಗಪುರದಲ್ಲೇ ನಿವೃತ್ತಿಯಾಗುವೆನೆಂದು ಬರೆದುಕೊಟ್ಟಂತೆ. ಆದ್ದರಿಂದ ಆತ ಲೀಟರುಗಳಲ್ಲಿ ಅಳೆಯುತ್ತಿರುವುದು ತನ್ನ ಅರ್ಜಿಯ ಭವಿಷ್ಯವನ್ನು.

ಶಾಲೆಗಳ ರಜೆಯಲ್ಲಿ ಸಂಸಾರ ಬಂದಿಳಿದಾಗ ಅಧ್ಯಯನ ತನ್ನ ಕೊನೆಯ ಹಂತ ಮುಟ್ಟುತ್ತದೆ. ಬೆಳಿಗ್ಗೆ ರುಬ್ಬಿದ ದೋಸೆಹಿಟ್ಟು ಮಧ್ಯಾಹ್ನಕ್ಕೆ ಉಕ್ಕಿ ಕಟ್ಟೆಯ ಮೇಲೆ ಹರಿದು, ಸಂಜೆಗೆ ಬಾಯಿಗಿಡಲಾರದಷ್ಟು ಹುಳಿಯಾದ ಮರುದಿನ ಗೃಹಿಣಿ ಅಂಗಡಿಗೆ ಹೊರಡುತ್ತಾಳೆ, ಸ್ಟೀಲಿನ ಹಿಟ್ಟಿನ ಪಾತ್ರೆಯನ್ನು ಚೀಲದಲ್ಲಿಟ್ಟುಕೊಂಡು. 50 ಲೀಟರಿನ ಪೆಟ್ಟಿಗೆಯಲ್ಲಿ ಐಸಿನ ಗೂಡು ಅಡ್ಡ ಬಂದು ಪಾತ್ರೆ ನಿಲ್ಲುವುದಿಲ್ಲ. 90ರದರಲ್ಲಿ ನಿಲ್ಲುತ್ತದೆ, ಮುಚ್ಚಳ ಹಾಕಲಾಗುವುದಿಲ್ಲ. 180ರದರಲ್ಲಿ ಪಾತ್ರೆಯ ಪಕ್ಕ ಮೊಸರಿನ ಡಬ್ಬಿ, ಅರ್ಧ ತೆಂಗಿನಕಾಯಿ, ಕರಿಬೇವಿನ ಪೊಟ್ಟಣಗಳಿಗೂ ಜಾಗವಿರುವುದನ್ನು ಕಂಡು, “ರೀ, ಇದೇ ಇರಲಿ, ದುಡ್ಡು ಕೊಡಿ” ಎಂದು ಆಕೆ ನುಡಿಯುವುದರೊಂದಿಗೆ ಹವಾಮಾನ ವರ್ಗದ ಚರ್ಚೆ ಮುಕ್ತಾಯವಾಗುತ್ತದೆ.

ಕೊಂಡ ಮಾತ್ರಕ್ಕೆ ಜಿಜ್ಞಾಸೆ ಅಡಗುವುದಿಲ್ಲ. ಜಿಜ್ಞಾಸು ಆ ಬಳಿಕವೂ ಅದೇ ಮಾಡೆಲಿನ ಬೆಲೆಯನ್ನು ದಿನವೂ ನೋಡುತ್ತಾನೆ. ಬೆಲೆ ಏರಿದ ದಿನ ಕಚೇರಿಯಲ್ಲಿ ತನ್ನ ಮುಂದಾಲೋಚನೆಯನ್ನು ಎಲ್ಲರಿಗೂ ವಿವರಿಸುತ್ತಾನೆ, ಇಳಿದ ದಿನ ಮನೆಗೆ ಫೋನು ಮಾಡಿ ಹೆಂಡತಿಯ ಆತುರವನ್ನು ನೆನಪಿಸುತ್ತಾನೆ.