ಉಂಗುರಕ್ಕೆ ಹೊಂಚು

ಬೆಂಗಳೂರಿನಲ್ಲಿ ಯಾರಾದರೂ ದೊಡ್ಡ ಟೆಲಿಸ್ಕೋಪ್ ಕೊಂಡರೆಂದು ತಿಳಿದರೆ ಅಕ್ಕಪಕ್ಕದವರು ಒಣಹಾಕಿದ ಬಟ್ಟೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮೋಡ ಬಂತೆಂದೇ ಲೆಕ್ಕ!

ಹೊಸಬರ ಕಣ್ಣು ಬೀಳುವುದು ಅಭಿಜಿತ್ ನಕ್ಷತ್ರದ ನೆರೆಯಲ್ಲಿರುವ ಉಂಗುರ ನೀಹಾರಿಕೆಯ ಮೇಲೆ. ಹವ್ಯಾಸಿಗಳ ಬಾಯಲ್ಲಿ ಎಂ57. ಸಾಯುತ್ತಿರುವ ನಕ್ಷತ್ರವೊಂದು ಉಗುಳಿದ ಅನಿಲ. ಅದು ನಡುರಾತ್ರಿ ಎತ್ತರಕ್ಕೇರುವುದು ಜುಲೈನಲ್ಲಿ, ಮುಂಗಾರು ಜೋರಾಗಿರುವಾಗಲೇ.

ಆಕಾಶ ಅಪ್ಪಿತಪ್ಪಿ ತಿಳಿಯಾದರೂ ಪಡಿಪಾಟಲು ತಪ್ಪದು. ಕನ್ನಡಿಗಳನ್ನು ಹೊಂದಿಸಬೇಕು, ಫೋಕಸ್ ಕೂಡಿಸಬೇಕು, ಇಬ್ಬನಿ ಒರೆಸಬೇಕು. ಉಂಗುರವೋ ತೀರಾ ಪುಟ್ಟದು: ಹುಣ್ಣಿಮೆ ಚಂದ್ರನ ಅಡ್ಡಗಲಕ್ಕೆ ಅಂಥ ಇಪ್ಪತ್ತನ್ನು ಸಾಲಾಗಿ ಜೋಡಿಸಬಹುದು. ಫೋಟೋ ತೆಗೆಯಹೊರಟರಂತೂ, ಕ್ಯಾಮೆರಾ ಕಣ್ಣು ತೆರೆದಿರುವಷ್ಟು ಹೊತ್ತೂ ಭೂಮಿ ತಿರುಗುತ್ತಲೇ ಇರುತ್ತದೆ. ಅದಕ್ಕೆ ತಕ್ಕಂತೆ ಟೆಲಿಸ್ಕೋಪನ್ನು ತಿರುಗಿಸುವ ಮೋಟಾರು ತುಸು ಎಡವಿತೋ, ಚಿತ್ರದಲ್ಲಿ ಸಿಗುವುದು ಜಜ್ಜಿದ ಕೋಡುಬಳೆ.

ಸಲಕರಣೆಯನ್ನು ದೂರುವಂತೆಯೂ ಇಲ್ಲ. 1886ರಲ್ಲೇ ಹಂಗೇರಿಯ ಯೆನೊ ಗೊಥಾರ್ಡ್ ಹತ್ತಿಂಚಿನ ಟೆಲಿಸ್ಕೋಪಿನಿಂದ ಇದೇ ಉಂಗುರದ ನಡುವಿನ ಮಂಕು ನಕ್ಷತ್ರವನ್ನು ಗಾಜಿನ ಫಲಕದ ಮೇಲೆ ಸೆರೆಹಿಡಿದಿದ್ದರು. ಆಗ ಕಂಪ್ಯೂಟರೂ ಇರಲಿಲ್ಲ, ಆ್ಯಪೂ ಇರಲಿಲ್ಲ.

ದೂರಬೇಕಾದ್ದು ಮುಂಗಾರಿನ ಮೋಡವನ್ನೇ; ಹಾಗಾಗಿ ಜುಲೈವರೆಗೆ ಕಾಯಬೇಡಿ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಟ್ಟು ಮಹಡಿ ಹತ್ತಿ. ಎಂ57 ಆಗಲೇ ಎತ್ತರದಲ್ಲಿರುತ್ತದೆ.