ಯಜಮಾನರು ಮಾಂಸ ಬಿಟ್ಟರು

ಐವತ್ತು ದಾಟಿದ ಗಂಡಸು ಮಾಂಸ ಬಿಡುವುದು ಎರಡೇ ಕಾರಣಕ್ಕೆ: ಒಂದೋ ಅಯ್ಯಪ್ಪನ ಮಾಲೆ, ಇಲ್ಲವೇ ಲ್ಯಾಬ್ ರಿಪೋರ್ಟು. ಮಾಲೆಗಾದರೆ ಮಂಡಲದ ಗಡುವುಂಟು, ರಿಪೋರ್ಟಿಗೆ ಅದೂ ಇಲ್ಲ. ಕೊಲೆಸ್ಟರಾಲ್ ಮುಂದಿನ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿ ಬಂದ ದಿನವೇ ಯಜಮಾನರು ಹಾಲಿನಲ್ಲಿ ನಿಂತು ಸುಗ್ರೀವಾಜ್ಞೆ ಹೊರಡಿಸುತ್ತಾರೆ: "ಇನ್ಮೇಲೆ ನಮ್ಮನೇಲಿ ಬಾಡು ಕಡಿಮೆ. ಹೋಟೆಲ್ ಊಟ ಬಂದ್. ಏನಿದ್ರೂ ಮನೇಲೇ, ಹೆಲ್ದಿಯಾಗಿ." ಮಾಡುವವರು ಯಾರು ಎಂಬ ಒಂದು ಸಣ್ಣ ವಿಷಯ ಆಜ್ಞೆಯಲ್ಲಿ ಬಿಟ್ಟುಹೋಗಿರುತ್ತದೆ. ಅದನ್ನು ತುಂಬಿಕೊಳ್ಳಬೇಕಾದವರು ಒಳಗೆ ಕುಕ್ಕರಿನ ಮೂರನೇ ವಿಷಲ್ ಕಾಯುತ್ತಿರುತ್ತಾರೆ.

ಮಾಂಸ ಕಡಿಮೆ ಮಾಡುವುದು ನಮಗೇನೂ ಹೊಸ ವಿದ್ಯೆಯಲ್ಲ. ಅಮೆರಿಕದವರು 2003ರಲ್ಲಿ 'ಮೀಟ್‌ಲೆಸ್ ಮಂಡೇ' ಎಂದು ಅಭಿಯಾನ ಶುರು ಮಾಡಿ, ವಾರಕ್ಕೊಂದು ದಿನ ಮಾಂಸ ಬಿಡಿ ಎಂದು ಜಗತ್ತಿಗೆಲ್ಲ ಬುದ್ಧಿ ಹೇಳಿದರು. ನಮ್ಮ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಸೋಮವಾರ ಶಿವನದು, ಗುರುವಾರ ರಾಯರದು, ಶನಿವಾರ ತಿಮ್ಮಪ್ಪನೋ ಆಂಜನೇಯನೋ ಯಾರಾದರೊಬ್ಬರದು. ಅದರ ಮೇಲೆ ಸಂಕಷ್ಟಿ, ಅಮಾವಾಸ್ಯೆ, ಇಡೀ ಶ್ರಾವಣ, ಕಾರ್ತಿಕದ ಸೋಮವಾರಗಳು. ಇಷ್ಟು ಕಟ್ಟುನಿಟ್ಟಿನ ಚಾರ್ಟನ್ನು ಯಾವ ಡಯಟೀಷಿಯನ್ ಕೊಟ್ಟಾರು? ಅದೂ ಫೀಸಿಲ್ಲದೆ, ಪಾಪಭೀತಿಯ ಸಮೇತ! ಚಾರ್ಟಿನ ಬಾಕಿಯನ್ನು ಬಡ್ಡಿ ಸಹಿತ ಚುಕ್ತಾ ಮಾಡಲು ವರ್ಷತೊಡಕು ಇದ್ದೇ ಇದೆ. ಯುಗಾದಿಯ ಮಾರನೆಯ ದಿನ ಕೋಳಿ ಕೂಗುವ ಮೊದಲೇ ಮಟನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತ ಸಾಲನ್ನು ನೋಡಿದವರು, ಬೇವು ಬೆಲ್ಲದಿಂದ ವರ್ಷ ಶುರುವಾಗುತ್ತದೆ ಎಂಬ ಮಾತನ್ನು ನಂಬುವುದಿಲ್ಲ.

ಇರಲಿ, ಮಾಂಸವಿಲ್ಲದ ದಿನದ ತಟ್ಟೆಯಲ್ಲಿ ಏನಿರುತ್ತದೆ? ಬೆಳಿಗ್ಗೆ ಪೂರಿ ಸಾಗು. ದೇವರ ದಿನವಲ್ಲವೇ, ಮಧ್ಯಾಹ್ನಕ್ಕೆ ಪಾಯಸ, ಜೊತೆಗೆ ಹಪ್ಪಳ, ಸಂಡಿಗೆ. ಸಂಜೆ ಬಾಯಿ ಚಪ್ಪೆಯಾಯಿತೆಂದು ಒಂದು ಪ್ಲೇಟ್ ಗೋಬಿ ಮಂಚೂರಿ. ಹೂಕೋಸು ತರಕಾರಿಯೇ ತಾನೆ? 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಹಾಕುವ ಕೃತಕ ಬಣ್ಣವನ್ನು ನಿಷೇಧಿಸಿತು, ಜೂನಿನಲ್ಲಿ ಕಬಾಬಿನ ಬಣ್ಣಕ್ಕೂ ಕತ್ತರಿ ಹಾಕಿತು. ಬಣ್ಣ ಹೋಯಿತು, ಬಾಣಲೆ ಹಾಗೇ ಉಳಿಯಿತು. ಅದರೊಳಗಿನ ಎಣ್ಣೆ ಯಾವ ವಾರದ್ದೆಂದು ಕೇಳುವ ಧೈರ್ಯ ಯಜಮಾನರಿಗಿಲ್ಲ. ಅವರಿಗೆ ಬೇಕಾದ್ದು ಒಂದೇ ಭರವಸೆ: "ಇದ್ರಲ್ಲಿ ಮೊಟ್ಟೆ ಹಾಕಿಲ್ಲ ತಾನೆ?"

2024ರಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಭಾರತೀಯರಿಗೆಂದು ಆಹಾರದ ಮಾರ್ಗಸೂಚಿ ಹೊರತಂದಿತು. ದೇಶದ ಒಟ್ಟು ರೋಗಗಳ ಹೊರೆಯಲ್ಲಿ ಶೇ 56.4ರಷ್ಟು ಕೆಟ್ಟ ಆಹಾರಕ್ರಮದಿಂದಲೇ ಬಂದದ್ದು ಎಂದಿತು. ಅದು ಬೆರಳು ತೋರಿಸಿದ್ದು ಕುರಿಯೊಂದರ ಕಡೆಗಲ್ಲ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು, ಎಣ್ಣೆ ಸಕ್ಕರೆಗೆ ಲಗಾಮಿರಲಿ, ಕಾಳು ತರಕಾರಿ ಹೆಚ್ಚಲಿ ಎಂದಿತು. ಇದು ಕಿವಿಗೆ ಬಿದ್ದರೂ ಬೀಳದಂತೆ ಇರುವವರು ಪಕ್ಕದ ಮನೆಯ 'ಪ್ಯೂರ್ ವೆಜ್' ರಾಯರು. "ನಾವು ಹುಟ್ಟಿದಾಗಿನಿಂದ ಮುಟ್ಟಿಲ್ಲ ನೋಡಿ" ಎಂದು ಹೆಮ್ಮೆಯಿಂದ ಹೇಳಿ, ಬಿಪಿಯದೊಂದು ಶುಗರಿನದೊಂದು ಮಾತ್ರೆ ನುಂಗಿ, ಮಾವಿನಮಿಡಿ ಉಪ್ಪಿನಕಾಯಿಯ ಭರಣಿಗೆ ಕೈ ಹಾಕುತ್ತಾರೆ.

ನಾಡಿಗೆ ನಾಡೇ ಹೀಗೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಮೊದಲು ಬಾಡೂಟ ಬೇಕೋ ಬೇಡವೋ ಎಂದು ದೊಡ್ಡ ಗಲಾಟೆಯಾಯಿತು. ನಿಷೇಧದ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಪಕ್ಕ ಮಾಂಸಾಹಾರವನ್ನು ಕೂರಿಸಿದ್ದಕ್ಕೆ ಜನ ಕೆರಳಿದರು; ಕೆರಳಿದ್ದು ನ್ಯಾಯವೇ. ಆರೋಗ್ಯದ ಮೇಲಿನ ಕಾಳಜಿಯಿಂದಲೇ ಪಟ್ಟಿ ಮಾಡಿದ್ದಾಗಿದ್ದರೆ, ಸಕ್ಕರೆ ನಾಡಿನಲ್ಲಿ ಸಕ್ಕರೆಯ ಹೆಸರೂ ಅದರಲ್ಲಿ ಇರಬೇಕಿತ್ತಲ್ಲ!

ಮತ್ತೆ ಯಜಮಾನರ ಮನೆಗೆ ಬರೋಣ. ಆಜ್ಞೆ ಹೊರಟ ವಾರದೊಳಗೆ ಅಡುಗೆಮನೆಗೆ ಬಂಡವಾಳ ಹರಿದುಬಂದಿದೆ: ಒಂದು ಏರ್ ಫ್ರೈಯರ್, ಗಾಣದ ಎಣ್ಣೆ, ಹಿಮಾಲಯದ ಗುಲಾಬಿ ಉಪ್ಪು. ಬಣ್ಣ ಗುಲಾಬಿಯಾದರೂ ಒಳಗಿರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡು ಎಂದು ಹೇಳಿ ಮನೆಯ ನೆಮ್ಮದಿ ಯಾರು ಕೆಡಿಸುತ್ತಾರೆ? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಕೊಂಡಿದ್ದ ನವಣೆ, ಸಾಮೆ, ಊದಲಿನ ಪೊಟ್ಟಣಗಳಲ್ಲಿ ಹುಳುಗಳು ಮೂರನೇ ತಲೆಮಾರಿಗೆ ಕಾಲಿಟ್ಟಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಸಾಸೇಜ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿಯೇ ಹೇಳಿತು. ಕೆಂಪು ಮಾಂಸದ ವಿಷಯಕ್ಕೆ 'ಬಹುಶಃ' ಎಂದಿತು. ಯಜಮಾನರು ಈ 'ಬಹುಶಃ'ವನ್ನು ಹಿಡಿದು ಭಾನುವಾರದ ಮಟನ್ನನ್ನು ಅರ್ಧಕ್ಕಿಳಿಸಿದ್ದಾರೆ. ಖಚಿತವಾದದ್ದು ಫ್ರೀಜರಿನಲ್ಲಿ ಬೆಚ್ಚಗಿದೆ. ಅದು ಮಕ್ಕಳ ಸ್ನ್ಯಾಕ್ಸು, ಬಾಡಲ್ಲ.

ಈಗ ಒಳಗಿನ ಲೆಕ್ಕ ನೋಡಿ. ಕೋಳಿ ಸಾರಿಗೆ ಒಂದು ಸಲ ಮಸಾಲೆ ರುಬ್ಬಿ ಕುಕ್ಕರ್ ಕೂಗಿಸಿದರೆ ಮುಗಿಯಿತು. ಅದರ ಜಾಗಕ್ಕೆ ಬಂದ 'ಸಿಂಪಲ್' ಬಸ್ಸಾರು ಹೀಗೆ: ದಂಟಿನ ಸೊಪ್ಪನ್ನು ಕಡ್ಡಿ ಕಡ್ಡಿಯಾಗಿ ಬಿಡಿಸಬೇಕು. ಮಣ್ಣು ಹೋಗುವವರೆಗೆ ನೀರು ಬದಲಿಸಿ ತೊಳೆಯಬೇಕು. ಹಿಂದಿನ ರಾತ್ರಿ ನೆನೆಸಿದ ಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದುಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು, ಹುಣಸೆಹಣ್ಣು ಕಾಯಿತುರಿಯೊಂದಿಗೆ ಖಾರ ರುಬ್ಬಿ ಕಟ್ಟಿಗೆ ಕೂಡಿ ಕುದಿಸಬೇಕು. ಬಸಿದ ಸೊಪ್ಪು ಕಾಳಿಗೆ ಬೇರೆ ಒಗ್ಗರಣೆ ಕೊಟ್ಟು ಪಲ್ಯ ಮಾಡಬೇಕು. ಕೊನೆಗೆ ಬೆಂಕಿಯ ಮುಂದೆ ನಿಂತು, ಎರಡು ಕೈಯಲ್ಲಿ ಕೋಲು ಹಿಡಿದು ಗಂಟಿಲ್ಲದಂತೆ ಮುದ್ದೆ ತಿರುವಬೇಕು. ಆಹಾ, ಆರೋಗ್ಯಕ್ಕೆ ಇದಕ್ಕಿಂತ ಮೇಲಾದ ಊಟವಿಲ್ಲ. ತಿನ್ನುವವರ ಆರೋಗ್ಯಕ್ಕೆ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ಅದರಲ್ಲಿ ಕಳೆಯುವುದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಈ 97ರ ಶೂರರಾದರೂ ಎಷ್ಟು ಮಂದಿ? ನೂರಕ್ಕೆ 26. ಉಳಿದವರು ಹಾಲಿನಲ್ಲಿ ಕೂತು 'ಮನೆಯೂಟದ ಮಹತ್ವ' ಎಂಬ ವಿಡಿಯೊ ಫಾರ್ವರ್ಡ್ ಮಾಡುತ್ತಿದ್ದಾರೆ.

ಇನ್ನು ಆ ಅರ್ಧಕ್ಕಿಳಿದ ಮಟನ್ ಭಾನುವಾರ ಹೇಗೆ ಹಂಚಿಹೋಗುತ್ತದೆ? ನಲ್ಲಿ ಮೂಳೆ ಯಜಮಾನರಿಗೆ: "ಕಡಿಮೆ ಅಂದೆ, ಪೂರ್ತಿ ಬಿಟ್ಟೆ ಅಂದ್ನಾ?" ಲಿವರ್ ಮೊಮ್ಮಗನಿಗೆ, ಬೆಳೆಯೋ ಮಗು. ಮೆತ್ತನೆಯ ಚೂರು ಅತ್ತೆಗೆ, ಹಲ್ಲಿಲ್ಲ. ಮಗ, ಅಳಿಯ ಆದ ಮೇಲೆ ಬಡಿಸಿದವಳು ಕೂರುವ ಹೊತ್ತಿಗೆ ಪಾತ್ರೆಯ ತಳದಲ್ಲಿರುವುದು ಸಾರು, ಎರಡು ಹೋಳು ಆಲೂಗಡ್ಡೆ. "ನಂಗೆ ಅಷ್ಟು ಇಷ್ಟ ಇಲ್ಲ ಬಿಡಿ" ಎನ್ನುತ್ತಾಳೆ. ಮನೆಯಲ್ಲಿ ಮಾಂಸ ಕಡಿಮೆ ಮಾಡಿದ್ದು ಅವಳೊಬ್ಬಳೇ, ಅದೂ ಮದುವೆಯಾದಂದಿನಿಂದ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಕೊಲೆಸ್ಟರಾಲ್ ಯಜಮಾನರದು, ಪಥ್ಯ ಮಾತ್ರ ಅವರ ಮನೆಯವರದು.

ದಾರಿ ಇಲ್ಲವೆಂದಲ್ಲ. ಅವರೆ ಸುಗ್ಗಿಯಲ್ಲಿ ಅರ್ಧ ಕೆಜಿ ಮಾಂಸಕ್ಕೆ ಅದರೆರಡರಷ್ಟು ಕಾಳು ಸುರಿದು ಮನೆಮಂದಿಗೆಲ್ಲ ಸಾರು ಮಾಡುತ್ತಿದ್ದವರು ನಮ್ಮ ಅಜ್ಜಿಯರೇ. ಮಾಂಸ ರುಚಿಗೆ, ಕಾಳು ಹೊಟ್ಟೆಗೆ. ಹುರುಳಿಗೆ ಆ್ಯಪ್ ಬೇಡ, ಸೊಪ್ಪಿಗೆ ಸಬ್‌ಸ್ಕ್ರಿಪ್ಷನ್ ಬೇಡ. ಬೇಕಾದ್ದು ಕೈ.

ಆದ್ದರಿಂದ ಯಜಮಾನರೇ, ಮಾಂಸ ಕಡಿಮೆ ಮಾಡಿ, ಖಂಡಿತ ಮಾಡಿ. ನಿಮ್ಮ ತಟ್ಟೆಯ ನಲ್ಲಿ ಮೂಳೆಯನ್ನು ಆಕೆಯ ತಟ್ಟೆಗೆ ಹಾಕುವುದರಿಂದ ಶುರು ಮಾಡಿ. ಮನೆಯೂಟವೇ ಶ್ರೇಷ್ಠ, ಒಪ್ಪಿದೆವು. ಹಾಗಿದ್ದರೆ ಫೋನು ಕೆಳಗಿಟ್ಟು ಸೊಪ್ಪು ಬಿಡಿಸಲು ಕೂತುಕೊಳ್ಳಿ, ಮುದ್ದೆ ಕೋಲಿಗೂ ಒಮ್ಮೆ ಕೈ ಹಚ್ಚಿ. ಅಷ್ಟಾಗದಿದ್ದರೆ ಬಡಿಸಿದ್ದನ್ನು ಸುಮ್ಮನೆ ಉಣ್ಣಿ; ಆರೋಗ್ಯದ ಭಾಷಣವನ್ನಾದರೂ ಕಡಿಮೆ ಮಾಡಿ.